ಹಬ್ಬದ ಕಾಣಿಕೆಗಳ ಟ್ರಂಕು

ಹಬ್ಬದ ಮುಂಜಾನೆ ಕಾಣಿಕೆಗಳನ್ನು ಕೂಡಿಸಹೋಗುವದು ನೀರಡಿಸಿದಾಗ ಬಾವಿಯನ್ನು ತೋಡಿದಂತೆಯೇ ಸರಿ. ಇದನ್ನರಿತ ಗೃಹಿಣಿಯರು ದೀಪಾವಳಿಯ ಹೊತ್ತಿನಿಂದಲೇ ಒಂದೊಂದಾಗಿ ಕೊಂಡು ಕೂಡಿಡುವರು. ಆದರೆ ಕೊಳ್ಳುವದು ಬೇರೆ, ಕಾಯ್ದಿಡುವದು ಬೇರೆ. ಧಾರವಾಡದ ನಮ್ಮ ಮನೆಯಲ್ಲಿ ಕ್ರಿಸ್ಮಸ್ ಹಬ್ಬದ ಕಾಣಿಕೆಗಳಿಗೆಂದೇ ಒಂದು ತಗಡಿನ ಟ್ರಂಕು ಉಂಟು. ಅದು ನಮ್ಮ ಅತ್ತೆಯವರು ತವರಿನಿಂದ ತಂದದ್ದು. ಆ ಟ್ರಂಕಿನಿಂದ ನಾವು ಕಲಿತ ಕೆಲವು ಮಾತುಗಳನ್ನೂ, ಕಲಿಯಲು ತಡಮಾಡಿದ ಒಂದು ಮಾತನ್ನೂ ಭಗಿನಿಯರ ಮುಂದಿಡುವೆವು.

ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ತಮ್ಮ ಠಾಣೆಗಳನ್ನು ತೆರೆದರು. ಅವರು ಬಂದ ನಾಡಿನಲ್ಲಿ ಹಬ್ಬಕ್ಕೆ ಮುಂಚಿನ ನಾಲ್ಕು ರವಿವಾರಗಳನ್ನು ಆಗಮನಕಾಲವೆಂದು ಪಾಲಿಸುವ ರೂಢಿಯುಂಟು. ಮೊದಲನೆಯ ರವಿವಾರವು ನವೆಂಬರ 27ರಿಂದ ದಶಂಬರ 3ರ ಒಳಗೆ ಬರುವದು. ನಮ್ಮ ಅತ್ತೆಯವರು ಮನೆಯ ಸಿದ್ಧತೆಯನ್ನೂ ಈ ನಾಲ್ಕು ವಾರಗಳಿಗೆ ಹಂಚಿಬಿಟ್ಟಿದ್ದರು.

ಮೊದಲನೆಯ ವಾರ ಟ್ರಂಕನ್ನು ಅಟ್ಟದಿಂದ ಇಳಿಸಿ ಬಿಸಿಲಿಗಿಡುವದು. ಧಾರವಾಡದ ಮಳೆಯನ್ನು ಬಲ್ಲವರಿಗೆ ಅದರ ಕಾರಣವನ್ನು ಹೇಳಬೇಕಾಗಿಲ್ಲ. ಮಳೆ ನಿಂತು ಎರಡು ತಿಂಗಳಾದರೂ ಮುಚ್ಚಿದ ಪೆಟ್ಟಿಗೆಯೊಳಗಿನ ತೇವ ಹೋಗಿರುವದಿಲ್ಲ. ಒಣಗಿದ ಮೇಲೆ ಬೇವಿನ ಒಣ ಎಲೆಗಳ ಸಣ್ಣ ಗಂಟನ್ನು ಮೂಲೆಗೊಂದರಂತೆ ಇಡತಕ್ಕದ್ದು. ಡಾಂಬರ ಗುಳಿಗೆಗಳನ್ನು ಇಟ್ಟರೆ ಆ ಪೆಟ್ಟಿಗೆಯ ಸಮೀಪದಲ್ಲಿ ತಿನಿಸನ್ನು ಇಡಲೇಬಾರದು.

ಎರಡನೆಯ ವಾರ ಬಟ್ಟೆಗಳದು. ನವಲಗುಂದದ ಜಮಖಾನೆಯಂಥ ಭಾರವಾದದ್ದು ಎಲ್ಲಕ್ಕೂ ಕೆಳಗೆ. ಅದರ ಮೇಲೆ ಇಳಕಲ್ಲ ಸೀರೆಗಳು. ಗುಳೇದಗುಡ್ಡದ ಖಣಗಳು ಮೇಲ್ಗಡೆ. ಇಳಕಲ್ಲ ಸೀರೆಯ ಒಡಲು ನೂಲಿನದಾದರೂ ಸೆರಗು ರೇಶಿಮೆಯದಾಗಿದ್ದರೆ ಬಹುದಿನ ಒಂದೇ ಮಡಿಕೆಯಲ್ಲಿ ಇಡಬಾರದು; ಮಡಿಕೆಯ ಗೆರೆಯಲ್ಲಿಯೇ ಅದು ಸೀಳುವದು. ಸುತ್ತಲು ಹಳೆಯ ಬಿಳಿ ಧೋತರದ ತುಂಡು ಉತ್ತಮ. ವರ್ತಮಾನಪತ್ರದ ಮಸಿಯು ಬಟ್ಟೆಗೆ ಹತ್ತುವದು. ಚನ್ನಪಟ್ಟಣದ ಮರದ ಗೊಂಬೆಗಳನ್ನು ಟ್ರಂಕಿನಲ್ಲಿಡದೆ ಕಪಾಟದ ಮೇಲಿನ ಅರೆಯಲ್ಲಿ ಮುಚ್ಚಿಡುವದು ಲೇಸು. ಮಕ್ಕಳು ಟ್ರಂಕನ್ನು ಮೊದಲು ಶೋಧಿಸುವರೆಂಬದು ಎಲ್ಲ ತಾಯಂದಿರಿಗೂ ಗೊತ್ತಿದ್ದದ್ದೇ.

ಮೂರನೆಯ ವಾರ ಗಂಟುಗಳನ್ನು ಕಟ್ಟುವದು. ನಾಲ್ಕನೆಯ ವಾರ ಕರ್ಚೀಕಾಯಿ, ಶಂಕರಪೋಳಿ, ಚಕ್ಕಲಿಗಳನ್ನು ಮಾಡಿ, ಪೂರ್ಣ ಆರಿದ ಮೇಲೆಯೇ ಡಬ್ಬಿಗೆ ತುಂಬುವದು. ಬಿಸಿಯಿದ್ದಾಗ ಮುಚ್ಚಿದರೆ ಹಬೆಯಿಂದ ಮೆತ್ತಗಾಗುವವು. ಧಾರವಾಡದ ಪೇಢೆಯು ಹಾಲಿನ ಪದಾರ್ಥ. ಅದನ್ನು ಹಬ್ಬದ ಹಿಂದಿನ ಒಂದೆರಡು ದಿನಗಳಲ್ಲಿ ತರುವದೇ ಸರಿ.

ಇಷ್ಟೆಲ್ಲ ಬಲ್ಲ ನಾವು ಒಂದನ್ನು ಮಾತ್ರ ಅಲಕ್ಷ್ಯ ಮಾಡಿದ್ದೆವು. ಅತ್ತೆಯವರು ಪ್ರತಿಯೊಂದು ಗಂಟಿಗೂ ಹೆಸರಿನ ಚೀಟಿಯನ್ನು ಹೊಲಿಯುತ್ತಿದ್ದರು. ಟ್ರಂಕಿನ ಕೀಲಿಕೈ ನಮ್ಮ ಕೈಗೆ ಬಂದ ಮೇಲೆ, ಎಲ್ಲವೂ ನೆನಪಿನಲ್ಲಿರುವಾಗ ಚೀಟಿಯೇಕೆಂದು ಆ ಪದ್ಧತಿಯನ್ನು ಬಿಟ್ಟೆವು.

ಒಂದು ವರ್ಷ ನಮ್ಮಲ್ಲಿ ಭಾಂಡೆ ತಿಕ್ಕುವ ಹೆಣ್ಣುಮಗಳಿಗೆಂದು ಹುಬ್ಬಳ್ಳಿಯ ದುರ್ಗದಬೈಲಿನಿಂದ ಇಳಕಲ್ಲ ಸೀರೆಯೊಂದನ್ನು ತಂದೆವು. ಟ್ರಂಕನ್ನು ಬಿಸಿಲಿಗಿಟ್ಟ ದಿನ ಅದರ ಮಡಿಕೆಯನ್ನು ಬದಲಿಸಿದವಳು ಅವಳೇ. ಯಾರಿಗೆಂದು ಕೇಳಿದಾಗ ನಾವು ಸುಮ್ಮನೆ ನಕ್ಕೆವು, ಅವಳು ತಿಳಿದುಕೊಂಡಳು. ಹಬ್ಬದ ಹಿಂದಿನ ಸಂಜೆ ಪುಣೆಯಿಂದ ಅನುಕೂಲಸ್ಥರಾದ ನೆಂಟರೊಬ್ಬರು ಅನಿರೀಕ್ಷಿತವಾಗಿ ಬಂದಿಳಿದರು. ಅವರಿಗೆ ಕೊಡಲು ಟ್ರಂಕಿನಲ್ಲಿ ಏನೂ ಇರಲಿಲ್ಲ. ಆ ಸೀರೆಯ ಮೇಲೆ ಯಾರ ಹೆಸರೂ ಇರಲಿಲ್ಲ. ಆದ್ದರಿಂದ ನಮ್ಮ ಕೈ ಹಿಂಜರಿಯಲಿಲ್ಲ.

ಮರುದಿನ ಅವಳು ತಲೆ ಬಾಚಿ, ಹೂ ಮುಡಿದು, ಮಗಳನ್ನು ಕರೆದುಕೊಂಡು ಬಂದಳು. ಸೀರೆಯ ಬೆಲೆಗಿಂತ ಹೆಚ್ಚು ಹಣವನ್ನು ಲಕೋಟೆಯಲ್ಲಿಟ್ಟು ಕೊಟ್ಟೆವು. ಲೆಕ್ಕ ತೀರಿತೆಂದು ನಮ್ಮ ಭಾವನೆ. ಅಷ್ಟರಲ್ಲಿ ನೆಂಟರು ಅದೇ ಸೀರೆಯನ್ನುಟ್ಟು ಹೊರಗೆ ಬಂದರು. ಅವಳು ಒಮ್ಮೆ ನೋಡಿದಳು. ನಾವು ಏನೋ ಹೇಳಲು ತೊಡಗಿದಾಗ, “ಇರ್ಲಿ ಬಿಡ್ರಿ ಅಕ್ಕಾರ, ನಮಗೇನ ಅವಸರ ಐತ್ರಿ” ಎಂದು ಮಗಳ ಕೈ ಹಿಡಿದು ಹೊರಟುಹೋದಳು. ಒಳಗೆ ಕುಳಿತಿದ್ದ ಅತ್ತೆಯವರು, “ರೊಕ್ಕದ ಮ್ಯಾಲೆ ಯಾರ ಹೆಸರೂ ಇರೂದಿಲ್ಲವಾ” ಎಂದಷ್ಟೇ ಅಂದರು.

ಯುಗಾದಿಗೆ ಅಂಥದೇ ಸೀರೆಯನ್ನು ತಂದುಕೊಟ್ಟೆವು. ಕಣ್ಣಿಗೊತ್ತಿಕೊಂಡು ತೆಗೆದುಕೊಂಡಳು. ಆದರೆ ಅದನ್ನು ಉಟ್ಟದ್ದನ್ನು ನಾವು ಕಾಣಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಎರಡು ನಿಯಮಗಳಾಗಿವೆ. ಕೊಂಡ ದಿನವೇ ವಹಿಯಲ್ಲಿ ಹೆಸರನ್ನು ಬರೆದು, ಗಂಟಿಗೆ ಚೀಟಿಯನ್ನು ಹೊಲಿಯತಕ್ಕದ್ದು. ಹಾಗೆ ಹೊಲಿದುದನ್ನು ಯಾರು ಬಂದರೂ ಬಿಚ್ಚತಕ್ಕದ್ದಲ್ಲ. ಅಕಸ್ಮಾತ್ ಬರುವ ಅತಿಥಿಗಳ ಸಲುವಾಗಿ ಎರಡು ಮೂರು ಖಣಗಳನ್ನೂ ಖಾದಿಯ ಟವೆಲ್ಲುಗಳನ್ನೂ ಬೇರೊಂದು ಚೀಲದಲ್ಲಿ ಇಡತಕ್ಕದ್ದು. ಹೀಗೆ ಮಾಡಿದರೆ ಹಬ್ಬದ ಸಂಜೆ ಒಬ್ಬರ ಪಾಲನ್ನು ಇನ್ನೊಬ್ಬರಿಗೆ ಕೊಡುವ ಪ್ರಸಂಗವು ಒದಗಲಾರದು.

ಈ ವರ್ಷವೂ ಟ್ರಂಕನ್ನು ಬಿಸಿಲಿಗಿಟ್ಟಾಗ ಅವಳು ಕೈಗೂಡಿಸಿದಳು. ಅವಳಿಗೆ ಓದಲು ಬಾರದು. ಒಂದು ಗಂಟನ್ನು ಹಿಡಿದು ಚೀಟಿಯಲ್ಲಿ ಏನಿದೆಯೆಂದು ಕೇಳಿದಳು. ಅವಳ ಹೆಸರನ್ನು ಓದಿ ಹೇಳಿದೆವು. ಅವಳು ಏನೂ ಅನ್ನಲಿಲ್ಲ. ಆ ಗಂಟನ್ನು ತಾನೇ ಜಮಖಾನೆಯ ಮೇಲೆ, ಬೇವಿನೆಲೆಯ ಪಕ್ಕದ ಮೂಲೆಯಲ್ಲಿ ಒತ್ತಿ ಇಟ್ಟು, ಉಳಿದವುಗಳನ್ನು ಅದರ ಮೇಲೆ ಜೋಡಿಸತೊಡಗಿದಳು.