ನಡುಮನೆಯ ದಾಸೋಹಿ

ಧಾರವಾಡದ ನಮ್ಮ ಹಳೆಯ ಮನೆಯ ಮಣ್ಣಿನ ಗೋಡೆಗಳು ಎರಡು ಅಡಿ ದಪ್ಪ. ಪಡಸಾಲೆಯ ವೈಫೈ ಅಲೆಗಳು ಅವನ್ನು ದಾಟುವಷ್ಟರಲ್ಲಿ ಕ್ಷೀಣಿಸುತ್ತವೆ. ಒಳಕೋಣೆಯಲ್ಲಿ ಹಾಸಿಗೆ ಹಿಡಿದಿರುವ ತಾಯಿಯವರಿಗೋ ಪ್ರವಚನ ಕೇಳುವ, ದೂರದ ಮೊಮ್ಮಗಳ ಮುಖ ನೋಡುವ ಹಂಬಲ. ಅದಕ್ಕಾಗಿ ಎಕ್ಸ್‌ಟೆಂಡರ್ ತಂದೆವು. ಸಂಕೇತವೇ ಸಿಗದ ಕೋಣೆಯಲ್ಲಿ ಅದನ್ನಿರಿಸಿದರೆ ಫಲವಿಲ್ಲ. ತಾನು ಪಡೆದುದನ್ನಷ್ಟೇ ಅದು ಹಂಚಬಲ್ಲದು. ಆದುದರಿಂದ ಸಂಕೇತ ಇನ್ನೂ ಬಲವಾಗಿರುವ ನಡುಮನೆಯಲ್ಲಿ ಇರಿಸಿದೆವು. 5 ಗಿಗಾಹರ್ಟ್ಸ್‌ಗಿಂತ 2.4 ಗಿಗಾಹರ್ಟ್ಸ್ ಅಲೆ ಗೋಡೆಯನ್ನು ಚೆನ್ನಾಗಿ ದಾಟುವುದರಿಂದ ಅದನ್ನೇ ಆರಿಸಿದೆವು. ಒಂದೇ ಚಾನೆಲ್‌ನಲ್ಲಿ ಪಡೆದು ಕೊಡಬೇಕಾದ್ದರಿಂದ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಪ್ರವಚನಕ್ಕೆ ಅಷ್ಟು ಸಾಕು. ಪಡೆದುದನ್ನು ತನ್ನಲ್ಲೇ ಇರಿಸಿಕೊಳ್ಳದೆ ಮುಂದಿನವರಿಗೆ ನೀಡುವುದೇ ದಾಸೋಹ. ಮನೆಯ ಮೂಲೆಯಲ್ಲಿರುವ ಹಿರಿಯರಿಗೆ ಅದು ಮೊದಲು ತಲುಪಲಿ.