ಗುದ್ದುವಷ್ಟು ಸಲಿಗೆ

ಬಾಕ್ಸಿಂಗ್ ಗ್ಲೌಸಿನಲ್ಲಿ ಒಂದನ್ನು ನಾವೇ ಹಾಕಿಕೊಳ್ಳಬಹುದು, ಎರಡನೆಯದಕ್ಕೆ ಇನ್ನೊಬ್ಬರು ಬೇಕು. ಹಲ್ಲಿನಲ್ಲಿ ಪಟ್ಟಿ ಎಳೆದುಕೊಳ್ಳುವವರೂ ಇದ್ದಾರೆ, ಆದರೆ ಅದು ಗಟ್ಟಿ ನಿಲ್ಲುವುದಿಲ್ಲ. ಹಾಗಾಗಿ ಇನ್ನೇನು ನನ್ನ ಮೂತಿಗೆ ಗುದ್ದಲಿರುವ ಹುಡುಗನ ಮುಂದೆಯೇ ಕೈ ಚಾಚಿ ನಿಲ್ಲುತ್ತೇನೆ. ಅವನು ಮಣಿಕಟ್ಟು ಹಿಡಿದು, ಪಟ್ಟಿ ಬಿಗಿದು, 'ಬಿಗಿ ಆತೇನ್ರಿ ಅಣ್ಣಾ?' ಅನ್ನುತ್ತಾನೆ. ರೌಂಡ್ ಮುಗಿದ ಮೇಲೆ ನೀರೂ ಅಷ್ಟೇ, ಯಾರಾದರೂ ಬಾಯಿಗೆ ಹೊಯ್ಯಬೇಕು. ಮೂಗು ತುರಿಸಿದರಂತೂ ದೇವರೇ ಗತಿ.

ಬೆಳ್ಳಂದೂರಿನಲ್ಲಿ ಹಗಲೆಲ್ಲ ನನ್ನ ಸಹೋದ್ಯೋಗಿಗಳು ಪರದೆಯ ಮೇಲಿನ ಹೆಸರುಗಳು, ಕ್ಯಾಮೆರಾ ಆಫ್. ಸಂಜೆ ರಿಂಗ್ ರೋಡಿನ 500ಡಿ ಬಸ್ಸಿನಲ್ಲಿ ಮೈಗೆ ಮೈ ತಾಗುತ್ತದೆ ನಿಜ, ಆದರೆ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಸ್ಪಾರಿಂಗಿನಲ್ಲಿ ನೋಡದೆ ಉಳಿಗಾಲವಿಲ್ಲ. ಹುಕ್ ಹೊಡೆಯುವ ಮೊದಲು ಈ ಹುಡುಗನ ಎಡ ಹಿಮ್ಮಡಿ ಚೂರು ಏಳುತ್ತದೆ, ಸುಸ್ತಾದರೆ ಉಸಿರಿನಲ್ಲಿ ಸಣ್ಣ ಸಿಳ್ಳೆ. ಅವನ ಊರು ಸುರಪುರ ಎಂದು ತಿಳಿಯುವ ಮೊದಲೇ ಇದೆಲ್ಲ ನನಗೆ ಗೊತ್ತಾಗಿತ್ತು.

ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಎದುರಾಗುತ್ತಾರೆ. ಒಂದು ಹನಿ ರಕ್ತ ಕಂಡರೆ ಮುಗಿಯಿತು. ಅದರ ವೈಭವವೇ ಬೇರೆ, ಆದರೆ ಎದುರಾಳಿಯ ಪರಿಚಯವಾಗುವಷ್ಟು ಪುರುಸೊತ್ತು ಅಲ್ಲಿಲ್ಲ. ನನಗೆ ಮೂರು ನಿಮಿಷದ ರೌಂಡೇ ಇಷ್ಟ, ಅದರಲ್ಲೂ ಕ್ಲಿಂಚ್. ದಣಿದವನು ಹೊಡೆಯುತ್ತಿರುವವನನ್ನೇ ತಬ್ಬಿಕೊಂಡು, ಅವನ ಹೆಗಲ ಮೇಲೆ ಗದ್ದ ಊರಿ ದಣಿವಾರಿಸಿಕೊಳ್ಳುವ ಆಟ ಬೇರೆ ಯಾವುದಿದೆ? ರೆಫರಿ 'ಬ್ರೇಕ್' ಎಂದರೆ ಇಬ್ಬರೂ ಒಂದು ಹೆಜ್ಜೆ ಹಿಂದೆ ಸರಿಯಬೇಕು. 1974ರಲ್ಲಿ ಕಿನ್ಶಾಸಾದಲ್ಲಿ ಅಲಿ, ಫೋರ್‌ಮನ್‌ನ ಕತ್ತು ಹಿಡಿದು ಜಗ್ಗಿ ಜಗ್ಗಿಯೇ ಅವನ ಅರ್ಧ ಶಕ್ತಿ ಇಳಿಸಿದ, ಎಂಟನೇ ರೌಂಡಿನಲ್ಲಿ ಕೆಡವಿದ. ಮರುವರ್ಷ ಮನಿಲಾದಲ್ಲಿ ಅದೇ ಅಲಿಯ ಎದುರು ಫ್ರೇಜಿಯರ್ ಇನ್ನೂ ಆಡುತ್ತೇನೆ ಎಂದು ಹಟ ಹಿಡಿದರೂ, ಹದಿನಾಲ್ಕು ರೌಂಡ್ ಮುಗಿದಾಗ ಕೋಚ್ ಎಡ್ಡಿ ಫಚ್ ಅವನನ್ನು ಮೂಲೆಯ ಸ್ಟೂಲಿನಿಂದ ಏಳಗೊಡಲಿಲ್ಲ. ಆ ಪಂದ್ಯದ ಸಾವಿರ ಗುದ್ದುಗಳಿಗಿಂತ ಆ ತಡೆಯುವ ಕೈಯೇ ನನಗೆ ದೊಡ್ಡದು.

ನಮ್ಮದು ಅಷ್ಟು ದೊಡ್ಡ ಕಥೆಯಲ್ಲ. ಹದಿನಾರು ಔನ್ಸಿನ ದಪ್ಪ ಗ್ಲೌಸು, 'ಐವತ್ತು ಪರ್ಸೆಂಟ್ ಸಾಕು' ಎಂಬ ಒಪ್ಪಂದ. ಜೋರಾಗಿ ಬಿದ್ದರೆ ಗ್ಲೌಸಿಗೆ ಗ್ಲೌಸ್ ತಾಗಿಸಿ ಸಾರಿ. ಕಳೆದ ವಾರ ಅವನ ಜ್ಯಾಬ್ ಮೊದಲ ನಿಮಿಷದಿಂದಲೇ ಎಪ್ಪತ್ತು ಎಂಬತ್ತರ ಮೇಲಿತ್ತು. ಸಾರಿಯೂ ಇಲ್ಲ. ಕ್ಲಿಂಚಿನಲ್ಲಿ ಹಿಡಿದುಕೊಂಡೇ, ಗಮ್ ಶೀಲ್ಡ್ ಕಚ್ಚಿಕೊಂಡೇ ಕೇಳಿದೆ, 'ಏನಾಯ್ತೋ?'

'ಅಪ್ಪನ್ನ ದವಾಖಾನಿಗಿ ಹಾಕೀವ್ರಿ.'

'ಬ್ರೇಕ್! ಮಾತು ಆಮೇಲೆ!' ಎಂದು ಕೋಚ್ ಕೂಗಿದರು. ಒಂದು ಹೆಜ್ಜೆ ಹಿಂದೆ ಸರಿದೆವು. ಮುಂದಿನ ಜ್ಯಾಬ್ ಐವತ್ತಕ್ಕೆ ಇಳಿದಿತ್ತು, ಆದರೂ ಸೀದಾ ಮೂಗಿಗೇ ಬಂತು.