ಗ್ವಾಡಿ ಯಾವ್ದು, ಕಟ್ಟಿ ಯಾವ್ದು?

ನಮ್ಮೂರಿನ ಹೆಸರು ಕೃಷ್ಣಾ. ಹೊಳೆಗೂ ಅದೇ ಹೆಸರು, ರೈಲ್ವೆ ಸ್ಟೇಷನ್ನಿಗೂ ಅದೇ. ರಾಯಚೂರಿನಿಂದ ವಾಡಿಯ ಕಡೆ ಹೊರಟ ರೈಲು ಹೊಳೆ ದಾಟಿ ತೆಲಂಗಾಣಕ್ಕೆ ಕಾಲಿಟ್ಟ ಕೂಡಲೇ ಸಿಗುವ ಊರು. ಮುಂಬಯಿಯಿಂದ ಬಂದ ಜಿ.ಐ.ಪಿ. ರೈಲ್ವೆ, ಮದರಾಸಿನಿಂದ ಬಂದ ರೈಲ್ವೆ ಎರಡೂ ರಾಯಚೂರಿನಲ್ಲಿ ಕೈಕುಲುಕಿದ್ದು 1871ರಲ್ಲಿ. ನಮ್ಮ ಹೊಳೆಗೆ ರೈಲು ಸೇತುವೆ ಬಂದದ್ದೂ ಆ ಆಸುಪಾಸಿನಲ್ಲೇ. ಹುಡುಗರಾಗಿದ್ದಾಗ ಗಾಡಿ ಸೇತುವೆಯ ಮೇಲೆ ಗುಡುಗುವುದನ್ನು ಕೇಳುತ್ತಿದ್ದೆವೇ ಹೊರತು, ಇಷ್ಟು ಕಬ್ಬಿಣವನ್ನು ಯಾರೋ ಒಬ್ಬ ಮೊದಲು ಕಾಗದದ ಮೇಲೆ ಬರೆದಿರಬೇಕೆಂಬುದು ಹೊಳೆದಿರಲಿಲ್ಲ.

ಈಗ ನಕ್ಷೆಯೇ ನನ್ನ ಅನ್ನ. ಹೈದರಾಬಾದಿನಲ್ಲಿ ಕೂತು ಕಟ್ಟಡಗಳನ್ನು ಕಂಪ್ಯೂಟರಿನೊಳಗೇ ಕಟ್ಟುತ್ತೇನೆ. ಹಾಗಾಗಿ ಆ ಕಾಲದ ನಕ್ಷೆಗಾರರ ಮೇಲೆ ನನಗೊಂದು ಹೊಟ್ಟೆಕಿಚ್ಚು. ಅವರು ಬಣ್ಣ ಹಚ್ಚುತ್ತಿದ್ದರು. ಮೆದು ಕಬ್ಬಿಣಕ್ಕೆ ಪ್ರಷ್ಯನ್ ನೀಲಿ, ಬೀಡು ಕಬ್ಬಿಣಕ್ಕೆ ಬೂದಿ, ಇಟ್ಟಿಗೆಗೆ ಕೆಂಪು, ಹಿತ್ತಾಳೆಗೆ ಹಳದಿ. ಬಣ್ಣ ನೋಡಿದರೆ ಸಾಕು, ವಸ್ತು ಯಾವುದೆಂದು ಗೊತ್ತಾಗುತ್ತಿತ್ತು. ಆಮೇಲೆ ಬ್ಲೂಪ್ರಿಂಟ್ ಬಂತು. ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ವಿದ್ಯೆ ಅದು. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ನಕ್ಷೆಯ ಕಚೇರಿಗಳನ್ನೆಲ್ಲ ಆವರಿಸಿತು. ಪ್ರತಿ ತೆಗೆಯುವುದು ಸಲೀಸಾಯಿತು, ಆದರೆ ನೀಲಿಯ ಮೇಲೆ ಬಿಳಿ ಗೆರೆ ಬಿಟ್ಟರೆ ಮತ್ತೇನೂ ಉಳಿಯಲಿಲ್ಲ. ಬಣ್ಣ ಹೇಳುತ್ತಿದ್ದುದನ್ನು ಇನ್ನು ಗೆರೆಯೇ ಹೇಳಬೇಕಾಯಿತು. ಇಟ್ಟಿಗೆಗೆ ಓರೆಗೆರೆ, ಕಾಂಕ್ರೀಟಿಗೆ ಚುಕ್ಕಿ ಮತ್ತು ತ್ರಿಕೋನ ಎಂಬ ಹ್ಯಾಚಿಂಗ್ ಸಂಕೇತಗಳು ಬೇರೂರಿದ್ದು ಹೀಗೆ. ನಕ್ಷೆ ಮನೆ ಬದಲಿಸಿದಾಗಲೆಲ್ಲ ಏನೋ ಒಂದು ಸಾಮಾನು ಕಳೆದುಹೋಗುತ್ತದೆ, ಕಳೆದದ್ದರ ಜಾಗಕ್ಕೆ ಹೊಸದೊಂದು ರೂಢಿ ಬರುತ್ತದೆ. ನಾನು ಪಾಲಿಟೆಕ್ನಿಕ್‌ನಲ್ಲಿ ಕಲಿತದ್ದು ಆ ರೂಢಿಯ ಕೊನೆಯ ದಿನಗಳಲ್ಲಿ. ಟ್ರೇಸಿಂಗ್ ಕಾಗದ, ಮೂರು ದಪ್ಪದ ಇಂಕಿನ ಪೆನ್ನು, ತಪ್ಪಿದರೆ ಬ್ಲೇಡಿನಿಂದ ಕೆರೆತ, ಮೂಗು ಸುಡುವ ಅಮೋನಿಯಾ ಪ್ರಿಂಟ್. ಕತ್ತರಿಸಿ ತೋರಿಸಿದ ಗೋಡೆಗೆ ದಪ್ಪ ಪೆನ್ನು, ಆಚೆ ಕಾಣುವ ಕಟ್ಟೆಗೆ ಸಣ್ಣದು, ಅಳತೆಗೆ ಇನ್ನೂ ಸಣ್ಣದು. ಮೇಷ್ಟ್ರು ಬೈದದ್ದೆಲ್ಲ ಈ ಮೂರರ ಸಲುವಾಗಿಯೇ.

ನಕ್ಷೆ ಬರೆಯುವ ತಂತ್ರಾಂಶ ಆಟೋಕ್ಯಾಡ್ 1982ರಲ್ಲಿ ಬಂದಾಗ ಗೆರೆಯ ದಪ್ಪಕ್ಕೆ ಅರ್ಥ ಕೊಟ್ಟಿದ್ದೂ ಹಾಗೆಯೇ, ಕೊಟ್ಟ ಬಗೆ ಮಾತ್ರ ವಿಚಿತ್ರ. ಆಗಿನ ಪ್ಲಾಟರುಗಳಲ್ಲಿ ನಿಜವಾದ ಪೆನ್ನುಗಳಿರುತ್ತಿದ್ದವು, ಯಂತ್ರದ ಕೈ ಅವನ್ನು ಒಂದೊಂದಾಗಿ ಎತ್ತಿಕೊಂಡು ಗೀಚುತ್ತಿತ್ತು. ಯಾವ ಗೆರೆಗೆ ಯಾವ ಪೆನ್ನು ಎಂದು ಹೇಳಲು ಬಣ್ಣದ ನಂಬರು: 1 ಕೆಂಪು, 2 ಹಳದಿ, 3 ಹಸಿರು. ಪರದೆಯ ಮೇಲಿನ ಕೆಂಪು ಗೆರೆ ಕಾಗದದ ಮೇಲೆ ಕೆಂಪಗಿರಬೇಕಿಲ್ಲ, ಒಂದನೇ ಪೆನ್ನಿನಷ್ಟು ದಪ್ಪಗಿದ್ದರೆ ಆಯಿತು. ಪೆನ್ನಿನ ಪ್ಲಾಟರುಗಳು ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಆದರೂ ನಮ್ಮ ಕಡೆಯ ಕಚೇರಿಗಳಲ್ಲಿ ಇಂದಿಗೂ ಬಣ್ಣವೇ ದಪ್ಪ. ಯಾವ ಬಣ್ಣಕ್ಕೆ ಎಷ್ಟು ದಪ್ಪ ಎಂಬ ಪಟ್ಟಿಯನ್ನು ಸಿಟಿಬಿ ಫೈಲು ಅನ್ನುತ್ತಾರೆ. ಅದು ಗುರುವಿನಿಂದ ಶಿಷ್ಯನಿಗೆ ಪೆನ್‌ಡ್ರೈವಿನಲ್ಲಿ ಇಳಿದು ಬರುವ ಆಸ್ತಿ.

ನಾನು ಕಟ್ಟಡ ಕಟ್ಟುವ ತಂತ್ರಾಂಶ ರೆವಿಟ್. ಅದು ಹುಟ್ಟಿದ್ದು 2000ದಲ್ಲಿ. ಎರಡು ವರ್ಷಕ್ಕೆ ಆಟೋಕ್ಯಾಡಿನ ಒಡೆಯರಾದ ಆಟೋಡೆಸ್ಕ್‌ನವರೇ ಅದನ್ನು ಕೊಂಡುಕೊಂಡರು. ಮಾಲೀಕ ಒಬ್ಬನೇ, ಮಕ್ಕಳ ಸ್ವಭಾವ ಮಾತ್ರ ಬೇರೆ. ರೆವಿಟ್‌ನಲ್ಲಿ ಗೆರೆ ಎಳೆಯುವುದಿಲ್ಲ, ಗೋಡೆ ಕಟ್ಟುತ್ತೇವೆ. ತಾನು ಗೋಡೆ, ಇಷ್ಟು ದಪ್ಪ, ಒಳಗೆ ಇಟ್ಟಿಗೆ, ಮೇಲೆ ಗಾರೆ ಎಂದು ಗೋಡೆಗೆ ತಿಳಿದಿರುತ್ತದೆ. ಗೆರೆಯ ದಪ್ಪ ಹದಿನಾರು ನಂಬರುಗಳ ಪಟ್ಟಿಯಿಂದ ಬರುತ್ತದೆ. ನಕ್ಷೆಯ ಅಳತೆ ನೂರಕ್ಕೊಂದರಿಂದ ಐವತ್ತಕ್ಕೊಂದಾದರೆ ದಪ್ಪವೂ ತಾನಾಗಿ ಬದಲಾಗಬಲ್ಲದು. ಇಂಥ ಜಾಣ ಗೋಡೆಯನ್ನು ಆಟೋಕ್ಯಾಡಿಗೆ ಕಳಿಸಿದರೆ ಅಲ್ಲಿ ಇಳಿಯುವುದು ಬರೀ ಎರಡು ಗೆರೆ.

ನಮ್ಮೂರಿನ ಹಿರಿಯರು ಒಂದು ಸಮುದಾಯ ಭವನ ಕಟ್ಟಿಸಲು ಹೊರಟು, "ನೀ ಅದೀಯಲ್ಲ, ನಕ್ಷಾ ತೆಗಿ" ಅಂದರು. ತೆಗೆದೆ. ಕಟ್ಟಿಸುವ ಎಂಜಿನಿಯರು ಮಖ್ತಲಿನವರು, ಅವರ ಹತ್ತಿರ ಇರುವುದು ಹಳೆಯ ಆಟೋಕ್ಯಾಡ್. ಫೈಲು ಹೋಯಿತು, ಅವರು ತಮ್ಮ ಸಿಟಿಬಿಯಲ್ಲಿ ಪ್ರಿಂಟ್ ತೆಗೆದರು. ನನ್ನ ಬಣ್ಣಗಳ ಲೆಕ್ಕ ಬೇರೆ, ಅವರ ಪೆನ್ನುಗಳ ಲೆಕ್ಕ ಬೇರೆ. ಗೋಡೆ ತೆಳ್ಳಗಾಯಿತು, ನೆಲಹಾಸಿನ ಶಾಬಾದಿ ಕಲ್ಲಿನ ಚೌಕಗಳು ದಪ್ಪಗಾಗಿ ಎದ್ದು ಕೂತವು. ಮೇಲಿನ ತೊಲೆ ತೋರಿಸುವ ತುಂಡುಗೆರೆ ಇಡಿಗೆರೆಯಾಯಿತು, ಯಾಕೆಂದರೆ ತುಂಡುಗಳ ಅಳತೆಯೂ ಒಂದೊಂದು ತಂತ್ರಾಂಶದಲ್ಲಿ ಒಂದೊಂದು. ಮೇಸ್ತ್ರಿ ಹಾಳೆಯನ್ನು ಉದ್ದಕ್ಕೂ ಅಡ್ಡಕ್ಕೂ ತಿರುಗಿಸಿ ಫೋನು ಮಾಡಿದ: "ಸರ, ಇದ್ರಾಗ ಗ್ವಾಡಿ ಯಾವ್ದು, ಕಟ್ಟಿ ಯಾವ್ದು?"

ಅಳತೆಯಲ್ಲಿ ಒಂದು ಮಿಲಿಮೀಟರೂ ಹೆಚ್ಚುಕಡಿಮೆಯಿಲ್ಲ, ಆದರೂ ಓದಲು ಬರುವುದಿಲ್ಲ. ನಕ್ಷೆಯ ನೋಟವೆಂದರೆ ಅಲಂಕಾರ ಎಂದುಕೊಂಡವರು ಒಮ್ಮೆ ಆ ಮೇಸ್ತ್ರಿಯ ಫೋನು ಎತ್ತಬೇಕು.

ಇದಕ್ಕೆ ಮದ್ದಿಲ್ಲ ಎಂದೇನಲ್ಲ. ಕಳಿಸುವ ಮೊದಲು ರೆವಿಟ್ ಒಂದು ಪಟ್ಟಿ ಮುಂದಿಡುತ್ತದೆ. ಒಂದು ಕಡೆ ಗೋಡೆ, ಬಾಗಿಲು, ಕಂಬ. ಇನ್ನೊಂದು ಕಡೆ ಅವು ಹೋಗಿ ಕೂರಬೇಕಾದ ಲೇಯರಿನ, ಅಂದರೆ ಒಂದು ಜಾತಿಯ ಗೆರೆಗಳನ್ನು ಒಟ್ಟಿಗಿಡುವ ಪದರದ ಹೆಸರು, ಬಣ್ಣದ ನಂಬರು. ನನ್ನ ತಾಯಿಯ ತವರು ಗದ್ವಾಲ. ಅಲ್ಲಿನ ಸೀರೆಗೆ ಮೈ ಹತ್ತಿ, ಅಂಚು ರೇಷ್ಮೆ. ಎರಡಕ್ಕೂ ಬೇರೆ ಲಾಳಿ, ಎರಡು ಹೊಕ್ಕುಗಳೂ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಗೆರೆಯಲ್ಲೇ ನೇಕಾರನ ಕಸಬು ಗೊತ್ತಾಗುವುದು. ರೆವಿಟ್‌ನ ಆ ಪಟ್ಟಿ ಅಂಥ ಜಾಗ. ನಾನು ಮಖ್ತಲಿನವರ ಸಿಟಿಬಿಯನ್ನೇ ತರಿಸಿ, ಅವರ ದಪ್ಪ ಪೆನ್ನು ಯಾವ ನಂಬರೋ ಆ ನಂಬರನ್ನೇ ನನ್ನ ಗೋಡೆಗೆ ಕೊಟ್ಟೆ. ಒಂದೊಂದು ಗೆರೆಗೆ ಕೈಯಾರೆ ಮಾಡಿದ ಬದಲಾವಣೆಗಳನ್ನು ಆ ಗೆರೆಗೇ ಅಂಟಿಸಿ ಕಳಿಸಬೇಕೋ, ಅವಕ್ಕೆಂದೇ ಹೊಸ ಲೇಯರು ಹುಟ್ಟಿಸಬೇಕೋ ಎಂದೂ ರೆವಿಟ್ ಕೇಳುತ್ತದೆ. ಹೊಸ ಲೇಯರೇ ಮೇಲು. ಹೋದ ಕಡೆ ಒಂದೇ ಏಟಿಗೆ ತಿದ್ದಬಹುದು.

ಲೇಯರು ಬದಲಾದರೆ ಬಣ್ಣ ಬದಲಾಗುತ್ತದೆ, ಗೆರೆ ಇದ್ದಲ್ಲೇ ಇರುತ್ತದೆ. ಗದ್ವಾಲ, ಆಲಂಪುರ ತಾಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಯವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಮಹಬೂಬನಗರಕ್ಕೆ, ಅಂದರೆ ಆಗಿನ ಆಂಧ್ರಪ್ರದೇಶಕ್ಕೆ ಸೇರಿದವು. ಅಜ್ಜನ ಮನೆ ಒಂದಿಂಚೂ ಕದಲಲಿಲ್ಲ. 2019ರಲ್ಲಿ ನಾರಾಯಣಪೇಟೆ ಜಿಲ್ಲೆಯಾಗಿ ನಮ್ಮ ಕೃಷ್ಣಾ ಅದಕ್ಕೆ ಹೋದಾಗಲೂ ಮನೆಮಾತು ಕನ್ನಡವೇ. ದೊಡ್ಡವರು ಇದಕ್ಕೆ ಬೇರೆ ಹೆಸರು ಕೊಟ್ಟಾರು, ನಮ್ಮ ಕಸಬಿನವರಿಗೆ ಇದು ಲೇಯರ್ ಬದಲಾವಣೆ.

ಗೆರೆಯ ಪಂಚಾಯ್ತಿ ಮುಗಿಯಿತು. ಉಳಿದದ್ದು ಅಕ್ಷರ. ಸಮಿತಿಯವರು ಕೋಣೆಗಳ ಹೆಸರನ್ನು ಕನ್ನಡದಲ್ಲೇ ಹಾಕಬೇಕೆಂದು, ರಾಯಚೂರಿನಲ್ಲಿ ನುಡಿ ಫಾಂಟಿನಲ್ಲಿ ಟೈಪು ಮಾಡಿಸಿ ಕಳಿಸಿದ್ದರು. ಯೂನಿಕೋಡಿಗೆ ಹಿಂದಿನ ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ಆಕಾರ ಕೊಟ್ಟಿರುತ್ತಾರೆ. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಆಕಾರ ಉದುರಿ ಒಳಗಿನ ಇಂಗ್ಲಿಷ್ ಗೋಜಲು ಹಲ್ಲು ಕಿರಿಯುತ್ತದೆ. ಮಖ್ತಲಿನಲ್ಲಿ ಹಾಗೇ ಕಿರಿಯಿತು. ಆಟೋಕ್ಯಾಡಿನ ಸ್ವಂತ ಫಾಂಟುಗಳೋ, ಆ ಹಳೆಯ ಪೆನ್ನಿನ ಪ್ಲಾಟರಿಗೆಂದು ಗೀರು ಗೀರಾಗಿ ಹೊಂದಿಸಿದವು. ಅವಕ್ಕೆ ಒತ್ತಕ್ಷರದ ಗೊಡವೆಯೇ ಇಲ್ಲ.

ಇಲ್ಲಿ ರೆವಿಟ್ ಕೇಳುವ ಪ್ರಶ್ನೆ ನನಗೆ ಬಹಳ ಇಷ್ಟ: ಅಕ್ಷರಗಳ ನೋಟ ಉಳಿಸಲೋ, ತಿದ್ದುವ ಅನುಕೂಲ ಉಳಿಸಲೋ? ಎರಡೂ ಬೇಕು ಎನ್ನುವ ಗುಂಡಿ ಇಲ್ಲ. ನಾನು ನೋಟದ ಕಡೆ ವಾಲಿದೆ. ಅಷ್ಟು ಸಾಲದೆಂದು, ನನ್ನ ಆಟೋಕ್ಯಾಡಿನಲ್ಲೇ ಫೈಲು ತೆರೆದು, ಅಕ್ಷರಗಳನ್ನು ಒಡೆದು ಬರೀ ಗೆರೆಗಳಾಗಿಸಿ ಕಳಿಸಿದೆ. ಇನ್ನು ಯಾವ ಫಾಂಟಿನ ಹಂಗೂ ಇಲ್ಲ. ಕಣ್ಣಿಗೆ ಅಚ್ಚ ಕನ್ನಡ, ಕಂಪ್ಯೂಟರಿಗೆ ಸೊಟ್ಟಪಟ್ಟ ಗೆರೆಗಳು.

ಪ್ರಿಂಟು ಚೆನ್ನಾಗಿ ಬಂತು. ಮೇಸ್ತ್ರಿಗೆ ಗ್ವಾಡಿ ಗ್ವಾಡಿಯಾಗಿ ಕಂಡಿತು. ಸಮಿತಿಯಲ್ಲಿ ಮಾತ್ರ ಒಬ್ಬರು, ಪಾಕಶಾಲೆ ಅಂದರೆ ಛತ್ರದ ಹಂಗಾಗ್ತದ, ಅಡಿಗಿ ಮನಿ ಅಂತ ಹಾಕ್ರಿ ಅಂದರು. ಎಂಜಿನಿಯರು ತಿದ್ದಲು ಹೋದರೆ ಅಲ್ಲಿ ತಿದ್ದಲು ಅಕ್ಷರವೆಲ್ಲಿದೆ? ಆ ಹೆಸರಿನ ಗೆರೆಗಳನ್ನೆಲ್ಲ ಅಳಿಸಿ, ತಮ್ಮ ಆಟೋಕ್ಯಾಡಿನ ಪೆನ್ನಿನಕ್ಷರದಲ್ಲಿ ಇಂಗ್ಲಿಷಿನಲ್ಲೇ ಕಿಚನ್ ಎಂದು ಬರೆದು ಪ್ರಿಂಟು ಕೊಟ್ಟರು. ಮಿಕ್ಕ ಕೋಣೆಗಳೆಲ್ಲ ಕನ್ನಡದಲ್ಲಿ, ಅಡಿಗೆ ಮನೆ ಒಂದು ಇಂಗ್ಲಿಷಿನಲ್ಲಿ. ಹಿರಿಯರು ಒಬ್ಬೊಬ್ಬರಾಗಿ ನೋಡಿ, ಕಿಚನ್ ಅಂದರೂ ನಡೀತದ ಎಂದು ಸಹಿ ಹಾಕಿದರು.